ನಿದ್ದೆಯಲ್ಲಿದ್ದ ಹತ್ತು ಸಾಲು

ಲಾ ಕಂದೇಲಾರಿಯಾ, ಲಾಸ್ ತೂನಾಸ್
12 ಮಾರ್ಚ್ 2011

ಯಮಿಲ್ಕಾಗೆ,

ಈ ಪತ್ರ ಕಂಡು ನಿನಗೆ ಆಶ್ಚರ್ಯವಾಗಬಹುದು. ಬರೆಯುತ್ತಿರುವ ನನಗೇ ಆಗುತ್ತಿದೆ. ನನ್ನ ಮಗನನ್ನು ಬಿಟ್ಟು ನೀನು ದೇಶದ ಆ ತುದಿಯ ಪಿನಾರ್‌ಗೆ ಹೋದ ದಿನ, ಈ ಕೈಯಿಂದ ನಿನಗೆ ಒಂದಕ್ಷರ ಬರೆಯುವುದಿಲ್ಲ ಎಂದು ಆಣೆ ಮಾಡಿದ್ದೆ. ಕಳೆದ ನವೆಂಬರಿನಲ್ಲಿ ಅವನ ಮಣ್ಣಿಗೂ ನೀನು ಬರಲಿಲ್ಲ. ಆ ಮಾತು ಈಗ ಬೇಡ. ಕೆಲಸದ ವಿಷಯಕ್ಕೆ ಬರುತ್ತೇನೆ.

ನೀನು ಈ ಮನೆಗೆ ತಂದ ಆ ಲ್ಯಾಪ್‌ಟಾಪ್ ಇಲ್ಲೇ ಇದೆ. ಓಸ್ನಿಯೆಲ್‌ನ ಹಾಡುಗಳೆಲ್ಲ ಅದರೊಳಗಿವೆ. ನನಗೆ ಅವು ಬೇಕು. ಹಚ್ಚಿದರೆ ಕಪ್ಪು ಪರದೆಯ ಮೇಲೆ ಎರಡು ಸಾಲು ಬರುತ್ತವೆ. ಸುಮ್ಮನೆ ಕೂತರೆ ಅದೇ ಮೊದಲ ಸಾಲಿಗೆ ಹೋಗಿ, ನನ್ನ ಮಗನ ಹೆಸರು ತೋರಿಸಿ, ಕೆಳಗೆ ಒಂದು ಖಾಲಿ ಪೆಟ್ಟಿಗೆ ಇಟ್ಟು ಪಾಸ್‌ವರ್ಡ್ ಕೇಳುತ್ತದೆ. ನನಗೇನು ಗೊತ್ತು? ಮುಚ್ಚಳ ಮುಚ್ಚಿಬಿಡುತ್ತೇನೆ. ಬ್ಯಾಟರಿ ಎರಡು ನಿಮಿಷಕ್ಕಿಂತ ತಡೆಯದು, ಕರೆಂಟು ಹೋದಾಗಲೆಲ್ಲ ಅವನೂ ಹಾಗೇ ಮುಚ್ಚುತ್ತಿದ್ದ.

ಪೋರ್ತೊ ಪಾದ್ರೆಯ ರಿಪೇರಿಯವನ ಹತ್ತಿರ ಹೊತ್ತುಕೊಂಡು ಹೋದೆ. ಅವನು ಮುಖವೆತ್ತಿಯೂ ನೋಡದೆ, "ತಾತಾ, ಎಲ್ಲಾ ಒರೆಸಿ ಹೊಸದು ಹಾಕ್ತೀನಿ, ಸಂಜೆ ಬಂದು ತಗೊಂಡು ಹೋಗು" ಅಂದ. "ನಿನ್ನಜ್ಜಿ ತಲೆ ಒರೆಸು ಹೋಗೋ" ಎಂದು ಕಿತ್ತುಕೊಂಡು ಬಂದೆ.

ಇದರಲ್ಲಿ ಎರಡು ಸಂಸಾರ ಹೂಡಿದವಳು ನೀನೇ ಎಂದು ಓಸ್ನಿಯೆಲ್ ಹೇಳುತ್ತಿದ್ದ. ಹೂಡಿದವಳಿಗೆ ಬಾಗಿಲು ಯಾವ ಕಡೆ ಎಂದು ಗೊತ್ತಿರಬೇಕು. ಉತ್ತರ ಬರೆ.

ಆರ್ಹೇಲಿಯೊ ಲೇಯ್ವ


ಪಿನಾರ್ ದೆಲ್ ರಿಯೊ
4 ಏಪ್ರಿಲ್ 2011

ಮಾವನವರಿಗೆ,

ಹೀಗೆ ಕರೆಯಲು ಈಗ ನನಗೆ ಹಕ್ಕಿದೆಯೋ ಇಲ್ಲವೋ ತಿಳಿಯದು. ಬೇರೆ ಹೇಗೆ ಕರೆಯಬೇಕೆಂದೂ ತಿಳಿಯದು.

ಮಣ್ಣಿಗೆ ಬರಲಿಲ್ಲ ಎಂದಿರಿ. ನಿಮ್ಮೂರಿನ ತಂತಿ ನನ್ನ ಕೈಗೆ ಬಂದಾಗ ಅವನನ್ನು ಹೂತು ವಾರ ಕಳೆದಿತ್ತು. ನಾನು ಬಸ್ ನಿಲ್ದಾಣದವರೆಗೆ ಬಂದೆ. ಅಲ್ಲಿ ಬೆಂಚಿನ ಮೇಲೆ ಕೂತೆ. ಬಂದು ಯಾರ ಮುಖ ನೋಡಲಿ, ನಿಮ್ಮ ಮುಖವನ್ನೇ? ಮತ್ತೆ ಮನೆಗೆ ನಡೆದೆ. ಇಷ್ಟು ಸಾಕು.

ಈಗ ಯಂತ್ರದ ವಿಷಯ. ಮಾವ, ಒಳಗಿರುವ ಡಿಸ್ಕ್ ಒಂದೇ ಮನೆ, ನಡುವೆ ಗೋಡೆ. ಮುಂದಿನ ಭಾಗದಲ್ಲಿ ವಿಂಡೋಸ್ ಇದೆ. ಓಸ್ನಿಯೆಲ್‌ನ ಹಾಡುಗಳೆಲ್ಲ ಅಲ್ಲೇ. ಹಿಂದಿನ ಭಾಗದಲ್ಲಿ ನಾನು ಹಾಕಿಕೊಟ್ಟ ಲಿನಕ್ಸ್ ಇದೆ. ಮುಂಬಾಗಿಲಿಗೆ ಬೀಗ ಬಿದ್ದಿದ್ದರೂ ಹಿತ್ತಲಿನಿಂದ ಒಳಗೆ ಹೋಗಬಹುದು. ಹಚ್ಚಿದೊಡನೆ ಬಾಣದ ಕೀಲಿ ಒತ್ತಿ ಎರಡನೇ ಸಾಲಿಗೆ ಇಳಿಯಿರಿ. ಅಲ್ಲಿನ ಪಾಸ್‌ವರ್ಡ್ ನಾನೇ ಇಟ್ಟದ್ದು. ಬೇರೆ ಹಾಳೆಯಲ್ಲಿ ಬರೆದಿದ್ದೇನೆ.

ಅದೇ ಹಾಳೆಯಲ್ಲಿ ಎರಡು ಆಜ್ಞೆಗಳಿವೆ, ದಪ್ಪ ಅಕ್ಷರದಲ್ಲಿ. ಕಪ್ಪು ಕಿಟಕಿ ತೆರೆದು ಮೊದಲನೆಯದನ್ನು ಹಾಗೇ ಕುಟ್ಟಿ. ಎಲ್ಲಿ ಜಾಗ ಬಿಡಬೇಕೋ ಅಲ್ಲಿ ಚುಕ್ಕೆ ಇಟ್ಟಿದ್ದೇನೆ. ಒಳಗೆ ಬಿಟ್ಟರೆ ಸರಿ. ಬಿಡದೆ ಉದ್ದಕ್ಕೆ ಇಂಗ್ಲಿಷಿನಲ್ಲಿ ಗೊಣಗಿದರೆ ಎರಡನೆಯದನ್ನು ಕುಟ್ಟಿ. ನಾನು ಕೆಲಸ ಮಾಡುವ ಕಂಪ್ಯೂಟರ್ ಕ್ಲಬ್ಬಿಗೆ ಬರುವ ಯಂತ್ರಗಳೆಲ್ಲ ಹಾಗೇ ಗೊಣಗುತ್ತವೆ. ಈ ದೇಶದಲ್ಲಿ ಕಂಪ್ಯೂಟರನ್ನು ಸರಿಯಾಗಿ ಆರಿಸುವವರು ಯಾರು? ಕರೆಂಟು ಹೋಯಿತು, ಮುಚ್ಚಳ ಮುಚ್ಚಿದರು, ಮುಗಿಯಿತು. ನಾವು ಕಣ್ಣು ಮುಚ್ಚಿ ಎರಡನೇ ಆಜ್ಞೆ ಕೊಡುತ್ತೇವೆ, ಬಾಗಿಲು ತೆರೆದುಕೊಳ್ಳುತ್ತದೆ.

ಹಾಡುಗಳು ಸಿಕ್ಕರೆ ನನಗೂ ಒಂದು ಪ್ರತಿ ಕಳಿಸುತ್ತೀರಾ? ಕೇಳಬಾರದಿತ್ತೇನೋ. ಕೇಳಿದ್ದೇನೆ.

ಯಮಿಲ್ಕಾ


ಲಾ ಕಂದೇಲಾರಿಯಾ
2 ಮೇ 2011

ಯಮಿಲ್ಕಾ,

ನಿನ್ನ ಹಾಳೆ ಬಂತು. ಬಸ್ ನಿಲ್ದಾಣದ ಮಾತೂ ಓದಿದೆ. ಎರಡು ಸಲ ಓದಿದೆ.

ಇಂದು ಮಧ್ಯಾಹ್ನ ಕೂತೆ. ನಲವತ್ತು ವರ್ಷ ಊರ ಸಕ್ಕರೆ ಕಾರ್ಖಾನೆಯಲ್ಲಿ ಲೇತ್ ಓಡಿಸಿದ ಕೈ ಇದು, ಕೂದಲೆಳೆಯಷ್ಟು ವ್ಯತ್ಯಾಸ ಹಿಡಿಯುತ್ತಿತ್ತು. ಈ ಕೀಲಿಗಳ ಮುಂದೆ ಒಂದು ಬೆರಳು ಹಿಡಿದುಕೊಂಡು, ಕಾಳು ಹುಡುಕುವ ಕೋಳಿಯ ಹಾಗೆ ಕುಟ್ಟಿದೆ. ಮೊದಲ ಆಜ್ಞೆಗೆ ಗೊಣಗಿತು, ನೀನು ಹೇಳಿದ ಹಾಗೆಯೇ. ಎರಡನೆಯದಕ್ಕೆ ಕೈ ಹಾಕುವಷ್ಟರಲ್ಲಿ ಕರೆಂಟು ಹೋಯಿತು. ಬಾಗಿಲ ಹೊರಗೆ ಕೂತು ನಿನಗೆ ಬರೆಯುತ್ತಿದ್ದೇನೆ. ನಾಳೆ ಮತ್ತೆ ನೋಡುತ್ತೇನೆ.

ಹಾಡುಗಳು ಬೇಕು ಎಂದು ಬರೆದಿದ್ದೆ. ಪೂರ್ತಿ ನಿಜ ಬರೆದಿರಲಿಲ್ಲ. ನನಗೆ ಬೇಕಾಗಿರುವುದು ಒಂದೇ ಹಾಡು.

ಅವನ ಪ್ರಾಸ ಕೇಳಿದರೆ ನಾನು ಏನನ್ನುತ್ತಿದ್ದೆ ಎಂದು ನಿನಗೆ ಗೊತ್ತು. "ಮಗನೇ, ನಿನ್ನ ಕಿವಿಗೆ ಎಣ್ಣೆ ಬಿಟ್ಕೋ, ಆಮೇಲೆ ಹಾಡು." ನನ್ನ ಎದುರು ಕೂತು ಆಶುವಾಗಿ ಹತ್ತು ಸಾಲಿನ ಸವಾಲು-ಜವಾಬು ಹಾಡುವ ಸಾಮರ್ಥ್ಯ ಅವನಿಗಿಲ್ಲ ಎಂದು ಊರ ಮುಂದೆಯೇ ಹೇಳಿದ್ದೆ. ಅವನ ಕೊನೆಯ ಭಾನುವಾರ ಸಂಜೆ ಗೆಳೆಯ ಎವೆಲಿಯೊ ತನ್ನ ತಂತಿವಾದ್ಯ ಲೌದ್ ತಂದು ಅಂಗಳದಲ್ಲಿ ಕೂತ. ಹತ್ತು ಜನ ಸೇರಿದರು. ಓಸ್ನಿಯೆಲ್ ತೊಗಲಿನ ಕುರ್ಚಿಯನ್ನು ಎಳೆದು ನನ್ನ ಎದುರಿಗೆ ಹಾಕಿದ. "ಅಪ್ಪಾ, ಇವತ್ತು ನೀವಾ, ನಾನಾ." ಜನ ಶಿಳ್ಳೆ ಹೊಡೆದರು. ಇಲ್ಲ ಎನ್ನುವ ಹಾಗಿರಲಿಲ್ಲ. ಲ್ಯಾಪ್‌ಟಾಪನ್ನು ಪಕ್ಕದ ಪೀಪಾಯಿಯ ಮೇಲಿಟ್ಟು ಹಾಡು ತುಂಬಿಕೊಳ್ಳಲು ಅದೇನೋ ಒತ್ತಿದ. "ಸತ್ತವರನ್ನ ಕಣೋ ಡಬ್ಬಿಯಲ್ಲಿ ತುಂಬೋದು" ಎಂದು ಬೈದೆ. ನಮ್ಮ ಮನೆತನದಲ್ಲಿ ಆಶುಕವಿ ಹಾಡಿದ್ದನ್ನು ಯಾರೂ ಬರೆದಿಟ್ಟದ್ದಿಲ್ಲ, ತುಂಬಿಟ್ಟದ್ದೂ ಇಲ್ಲ. ಗಾಳಿಗೆ ಹುಟ್ಟಿದ್ದು ಗಾಳಿಗೆ.

ಕಾರ್ಖಾನೆಯನ್ನೇ ಎತ್ತಿಕೊಂಡೆ. ಅವನು ಅದನ್ನು ಕೆಡಹುವ ಗುಂಪಿನಲ್ಲಿ ಕೂಲಿಗೆ ಹೋಗುತ್ತಿದ್ದನಲ್ಲ. ಅಜ್ಜನ ಮೂಳೆ ಕಿತ್ತು ಗುಜರಿಗೆ ಹಾಕುವ ಮೊಮ್ಮಗ ಎಂದು ಹಾಡಿದೆ. ಜನ ಹೋ ಎಂದರು. ಅವನು ತಲೆ ತಗ್ಗಿಸಿ ಒಂದು ಸುತ್ತು ತಂತಿ ನುಡಿಯಲು ಬಿಟ್ಟ. ಆಮೇಲೆ ಎತ್ತಿದ, ಹತ್ತು ಸಾಲು. ಮೊದಲಿನ ಎರಡು ನನ್ನಲ್ಲಿವೆ:

ಕಬ್ಬಿಣವ ಕಳಚಿದರೂ ಕಾರ್ಖಾನೆ ಸಾಯದಪ್ಪಾ,
ಅದರ ಶಿಳ್ಳೆ ಇಂದಿಗೂ ನಿಮ್ಮ ಗಂಟಲಲ್ಲಿದೆ.

ಮಿಕ್ಕ ಎಂಟು ಸಾಲು ಹೋಗಿವೆ. ಎಂಥವು ಎಂದು ಕೇಳು. ಎವೆಲಿಯೊ ಲೌದ್ ನಿಲ್ಲಿಸಿಬಿಟ್ಟ. ನನ್ನ ಅಪ್ಪ ಬದುಕಿದ್ದರೆ ಎದ್ದು ನಿಲ್ಲುತ್ತಿದ್ದ. ನಾನು? ನಾನು ಒಳಗೊಳಗೇ ಉರಿದೆ. ಇವನು ಯಾವಾಗ ಕಲಿತ ಎಂದು ಉರಿದೆ. ಉರಿಯುವವನ ಕಿವಿಗೆ ಪದ ಬೀಳುವುದಿಲ್ಲ, ಯಮಿಲ್ಕಾ. ಅಷ್ಟರಲ್ಲಿ ಕರೆಂಟು ಹೋಯಿತು. ಕತ್ತಲೆಯಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು. ಅವನು ಮುಚ್ಚಳ ಮುಚ್ಚಿದ ಸದ್ದು ಕೇಳಿಸಿತು.

"ಅಪ್ಪಾ, ಉತ್ತರ?"

"ನಾಳೆ ಕೊಡ್ತೀನಿ ಹೋಗೋ."

"ಆಯ್ತು. ಎಲ್ಲಾ ಇದರಲ್ಲಿ ನಿದ್ದೆ ಮಾಡ್ತಿದೆ. ನಾಳೆ ಎಬ್ಬಿಸಿ ಕೇಳಿಸ್ತೀನಿ. ತಪ್ಪಿಸ್ಕೊಳ್ಳೋಕೆ ಬಿಡಲ್ಲ ನಿಮ್ಮನ್ನ."

ಬೆಳಿಗ್ಗೆ ಅವನು ಕೆಲಸಕ್ಕೆ ಹೋದ. ಹತ್ತು ಗಂಟೆಗೆ ಬಾಯ್ಲರ್ ಮನೆಯ ತೊಲೆ ಬಿತ್ತು.

ಎದುರಾಳಿಯ ಹಾಡಿಗೆ ಉತ್ತರ ಕೊಡದೆ ಎದ್ದವನು ನಮ್ಮಲ್ಲಿ ಕವಿಯಲ್ಲ, ಹೇಡಿ. ನಾನು ಉತ್ತರ ಕೊಡಬೇಕು. ಅವನ ಗೋರಿಯ ಹತ್ತಿರ ನಿಂತು ಕೊಡಬೇಕು. ಕೇಳದ ಹಾಡಿಗೆ ಏನೆಂದು ಉತ್ತರಿಸಲಿ? ಅವತ್ತು ಕೂತಿದ್ದವರನ್ನೆಲ್ಲ ಕೇಳಿದೆ. ಒಬ್ಬನಿಗೆ ಹಂದಿ ಹುರಿದದ್ದು ನೆನಪಿದೆ, ಇನ್ನೊಬ್ಬನಿಗೆ ರಮ್ಮು. ಎವೆಲಿಯೊಗೆ ರಾಗ ಉಳಿಯುತ್ತದೆ, ಪದ ಉಳಿಯುವುದಿಲ್ಲ.

ಅದಕ್ಕೇ ಮಗಳೇ, ನಿನಗೆ ಬರೆದದ್ದು.

ಆರ್ಹೇಲಿಯೊ


ಪಿನಾರ್ ದೆಲ್ ರಿಯೊ
20 ಮೇ 2011

ಮಾವ,

ಎರಡನೇ ಆಜ್ಞೆ ಬೇಡ. ಆ ಹಾಳೆ ಹರಿದುಹಾಕಿ. ತಂತಿ ಕೊಟ್ಟು ಬಂದು ಇದನ್ನು ಬರೆಯುತ್ತಿದ್ದೇನೆ. ತಂತಿಯೇ ಮೊದಲು ನಿಮಗೆ ಸಿಗಲಿ ದೇವರೇ.

ಕಾರಣ ಹೇಳುತ್ತೇನೆ. ಮುಚ್ಚಳ ಮುಚ್ಚಿದಾಗ ವಿಂಡೋಸ್ ಸಾಯುವುದಿಲ್ಲ, ನಿದ್ದೆ ಹೋಗುತ್ತದೆ. ಆ ಗಳಿಗೆಯಲ್ಲಿ ಪರದೆಯ ಮೇಲೆ ಏನೇನು ತೆರೆದಿತ್ತೋ ಅದನ್ನೆಲ್ಲ ಗಂಟು ಕಟ್ಟಿ ಡಿಸ್ಕಿನ ಒಂದು ಮೂಲೆಯಲ್ಲಿಟ್ಟು ಮಲಗುತ್ತದೆ. ಅದಕ್ಕೇ ಲಿನಕ್ಸ್ ಒಳಗೆ ಹೋಗಲು ಒಪ್ಪದೆ ಗೊಣಗಿದ್ದು, "ಒಳಗೆ ಒಬ್ಬ ಮಲಗಿದ್ದಾನೆ" ಎಂದು. ನಾನು ಬರೆದ ಎರಡನೇ ಆಜ್ಞೆ ಆ ಗಂಟನ್ನೇ ಎಸೆದು ಬಾಗಿಲು ತೆರೆಯುತ್ತದೆ. ಉಳಿಸಿಟ್ಟ ಫೈಲುಗಳಿಗೆ ಏನೂ ಆಗುವುದಿಲ್ಲ. ಆದರೆ ಅವನು ಆ ಸಂಜೆ ಉಳಿಸಲಿಲ್ಲ ಮಾವ. ಅವನ ಆ ಪುಟ್ಟ ರೆಕಾರ್ಡರ್ ಪ್ರೋಗ್ರಾಂ ನನಗೆ ಗೊತ್ತು. ಉಳಿಸು ಎಂದು ಒತ್ತುವವರೆಗೂ ಅದು ಹಾಡನ್ನು ನೆನಪಿನಲ್ಲೇ ಇಟ್ಟುಕೊಳ್ಳುತ್ತದೆ. ನಿಮ್ಮ ಹತ್ತು ಸಾಲು ಆ ಗಂಟಿನಲ್ಲಿದೆ. ಬೇರೆಲ್ಲೂ ಇಲ್ಲ.

ಏನು ತೆರೆದಿತ್ತು ಎಂದು ನಾನು ಮೊದಲೇ ಕೇಳಬೇಕಿತ್ತು. ಕ್ಲಬ್ಬಿನಲ್ಲಿ ಯಾರೂ ಯಾರನ್ನೂ ಕೇಳುವುದಿಲ್ಲ. ದಿನಕ್ಕೆ ಇಪ್ಪತ್ತು ಸಲ ಬರೆಯುವ ಸಾಲು ಅದು. ಕೈ ತಾನಾಗಿ ಬರೆಯಿತು.

ಈಗ ಒಂದೇ ದಾರಿ, ಮುಂಬಾಗಿಲು. ಪಾಸ್‌ವರ್ಡ್ ಹೊಡೆದು ವಿಂಡೋಸನ್ನೇ ಎಬ್ಬಿಸಬೇಕು. ನನಗೆ ಹೊಳೆದ ಪದಗಳು ಇವು: ಅತ್ತೆಯವರ ಹೆಸರು, ಕ್ಯಾರಿದಾದ್. ಕಾರ್ಖಾನೆಯ ಹೆಸರು. ಮೂರನೆಯದು ಸುನ್ಸುನ್. ನಗಬೇಡಿ. ಆ ಪುಟ್ಟ ಹಕ್ಕಿಯ ಹೆಸರಿನಿಂದ ಅವನು ನನ್ನನ್ನು ಕರೆಯುತ್ತಿದ್ದ. ಬಿಟ್ಟು ಬಂದವಳ ಹೆಸರನ್ನು ಯಾರು ಇಟ್ಟುಕೊಳ್ಳುತ್ತಾರೆ? ಆದರೂ ನೋಡಿ. ಎಲ್ಲ ಸಣ್ಣ ಅಕ್ಷರ.

ಸರಿಯಾಗಿ ಎದ್ದರೆ ಸದ್ದೇ ಇರುವುದಿಲ್ಲ. ಅವನು ಬಿಟ್ಟ ಹಾಗೇ ಪರದೆ ಬಂದು ನಿಲ್ಲುತ್ತದೆ, ರೆಕಾರ್ಡರ್ ಎದುರಿಗೇ ಇರುತ್ತದೆ. ಶುರುವಿನ ಸಂಗೀತ ಕೇಳಿಸಿದರೆ ಮಾತ್ರ, ಗಂಟು ಹೋಗಿ ಅದು ಹೊಸದಾಗಿ ಎದ್ದಿದೆ ಎಂದರ್ಥ.

ಒಂದು ಸಾಲು ಬರೆಯಿರಿ ಮಾವ. ಊಟ ಸೇರುತ್ತಿಲ್ಲ.

ನಿಮ್ಮ ಯಮಿಲ್ಕಾ


(ಅಂಚೆಗೆ ಹಾಕದ ಪತ್ರ)

ಲಾ ಕಂದೇಲಾರಿಯಾ
11 ಜೂನ್ 2011

ಯಮಿಲ್ಕಾ,

ನಿನ್ನ ತಂತಿಯೂ ಬಂತು, ಪತ್ರವೂ ಬಂತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ಎರಡನೇ ಆಜ್ಞೆಯನ್ನು ಮೇ ಮೂರರಂದೇ ಕುಟ್ಟಿದೆ. ಹಿಂದಿನ ದಿನದ ಪತ್ರವನ್ನು ಅಂಚೆಗೆ ಹಾಕಿ ಬಂದವನೇ ಕೂತೆ. ಕರೆಂಟಿತ್ತು. ಒಂದೂ ತಪ್ಪಿಲ್ಲದೆ ಕುಟ್ಟಿದೆ, ಹೆಮ್ಮೆಪಟ್ಟೆ. ಆ ಹಾಳು ಯಂತ್ರ ಒಂದು ಸಲ, "ಖಂಡಿತಾನಾ ಮುದುಕಾ?" ಎಂದು ಕೇಳಬಾರದಿತ್ತೇ? ಗೊಣಗಲೂ ಇಲ್ಲ. ಬಾಗಿಲು ತೆರೆಯಿತು. ಒಳಗೆ ಅವನ ಹಾಡುಗಳ ರಾಶಿ. ಹದಿನೈದು ದಿನ ಅವನ್ನೇ ಕೇಳಿದೆ. ಎಲ್ಲವೂ ಇವೆ, ಅದೊಂದಿಲ್ಲ. ಬೇರೆ ಯಾವುದೋ ಕೋಣೆಯಲ್ಲಿರಬೇಕು, ಯಮಿಲ್ಕಾ ಹೇಳುತ್ತಾಳೆ ಎಂದುಕೊಂಡು ಕಾದೆ. ನೀನು ಹೇಳಿದೆ.

ಆದರೂ ಮೂರು ಪದ ಹೊಡೆದು ನೋಡಿದೆ. ಕ್ಯಾರಿದಾದ್ ಆಗಲಿಲ್ಲ. ಕಾರ್ಖಾನೆ ಆಗಲಿಲ್ಲ. ಸುನ್ಸುನ್ ಹೊಡೆದೆ. ತೆರೆಯಿತು. ನಿನ್ನ ಹೆಸರನ್ನೇ ಇಟ್ಟುಕೊಂಡಿದ್ದ ಪೆದ್ದ. ಮರುಗಳಿಗೆ ಸಂಗೀತ ಬಂತು. ಏನು ಚೆಂದದ ಸಂಗೀತ, ಮದುವೆ ಮನೆಗೆ ಬರಮಾಡಿಕೊಳ್ಳುವಂತೆ. ಪರದೆಯ ಮೇಲೆ ನೀಲಿ ಬಿಟ್ಟರೆ ಏನೂ ಇರಲಿಲ್ಲ.

ಸುಮ್ಮನೆ ಕಾದಿದ್ದರೆ ಸಾಕಿತ್ತು. ಈ ಮೂರು ಪದ ಬರುವವರೆಗೆ ಮುಚ್ಚಳ ಮುಚ್ಚಿಟ್ಟಿದ್ದರೆ ಸಾಕಿತ್ತು.

ಇದು ನಿನ್ನ ಕೈ ಬರೆದ ಸಾಲು. ನಾನು ಕೇಳಿದ್ದು ಬಾಗಿಲು, ನೀನು ಕೊಟ್ಟದ್ದು ಕೊಡಲಿ. ನನ್ನ ಮಗನನ್ನು ಒಂದು ಸಲ ಬಿಟ್ಟುಹೋಗಿದ್ದು ಸಾಲಲಿಲ್ಲ ಎಂದು ಬರೆಯಬೇಕೆನಿಸುತ್ತದೆ. ಬರೆದೂ ಬಿಟ್ಟೆ ನೋಡು. ಆದರೆ ನಾನಾದರೂ ಮಾರ್ಚಿನಲ್ಲಿ ಪೂರ್ತಿ ಹೇಳಿದ್ದೆನೇ? ಹೇಳಿದ್ದರೆ ಎರಡನೇ ಆಜ್ಞೆಯನ್ನು ನೀನು ಬರೆಯುತ್ತಲೇ ಇರಲಿಲ್ಲ. ಮಗ ಸೋಲಿಸಿದ ಎಂದು ಸೊಸೆಗೆ ಹೇಳಲು ನಾಚಿಕೆ. ಮಾತು ಆಡಿದರೆ ಹೋಯಿತು ಎನ್ನುತ್ತಾರೆ. ನಮ್ಮಲ್ಲಿ ಆಡದೆ ಹೋಯಿತು.

ಊಟ ಸೇರುತ್ತಿಲ್ಲ ಎಂದು ಬರೆದಿದ್ದೀಯ.

ಆರ್ಹೇಲಿಯೊ


ಲಾ ಕಂದೇಲಾರಿಯಾ
14 ಜೂನ್ 2011

ಮಗಳೇ ಯಮಿಲ್ಕಾ,

ಮೊದಲು ಊಟ ಮಾಡು. ನಿನ್ನ ತಂತಿ ಸಮಯಕ್ಕೆ ಬಂತು. ಆ ಪತ್ರ ಬರೆದ ಮೇಲೆ ಮೇ ತಿಂಗಳೆಲ್ಲ ಈ ಊರಿಗೆ ಹಗಲು ಕರೆಂಟು ಇರಲಿಲ್ಲ, ಯಂತ್ರವನ್ನು ಮತ್ತೆ ಮುಟ್ಟಲೇ ಆಗಿರಲಿಲ್ಲ. ಹಾಳೆ ಹರಿದು ಒಲೆಗೆ ಹಾಕಿದೆ, ಅದರಲ್ಲೇ ಕಾಫಿ ಕಾಯಿಸಿದೆ.

ಮೂರನೇ ಪದಕ್ಕೆ ತೆರೆಯಿತು. ಮೂರನೆಯದಕ್ಕೆ, ಕೇಳಿಸಿತೇ? ಬಿಟ್ಟು ಹೋದವಳ ಹೆಸರನ್ನು ಯಾರು ಇಟ್ಟುಕೊಳ್ಳುತ್ತಾರೆ ಎಂದು ನೀನು ಕೇಳಿದ್ದೆ. ನನ್ನ ಮಗ ಇಟ್ಟುಕೊಂಡಿದ್ದ. ಸಂಗೀತ ಗಿಂಗೀತ ಏನೂ ಬರಲಿಲ್ಲ. ನೀನು ಹೇಳಿದ ಹಾಗೇ ಅವನು ಬಿಟ್ಟದ್ದೆಲ್ಲ ಎದುರಿಗೆ ಬಂದು ನಿಂತಿತು. ಕೇಳಿದೆ. ಹತ್ತು ಸಾಲೂ ಕೇಳಿದೆ. ಅವನು ನನ್ನನ್ನು ಗೆದ್ದಿದ್ದ, ಒಪ್ಪಿಕೊಂಡೆ.

ನಿನಗೆ ಬರೆದು ಕಳಿಸೆನ್ನಬೇಡ. ನಮ್ಮ ಮನೆತನದ ಪದ್ಧತಿ ಗೊತ್ತಲ್ಲ, ಆಶುವಾಗಿ ಹುಟ್ಟಿದ್ದನ್ನು ಕಾಗದಕ್ಕೆ ಇಳಿಸುವುದಿಲ್ಲ. ಕೇಳಿದ ಮೇಲೆ ನಾನೇ ಅದನ್ನು ಅಳಿಸಿದೆ. ಗಾಳಿಗೆ ಹುಟ್ಟಿದ್ದು ಗಾಳಿಗೆ. ಮಿಕ್ಕ ಹಾಡುಗಳನ್ನು ಪೆನ್‌ಡ್ರೈವಿನಲ್ಲಿ ತುಂಬಿಸಿ ಕಳಿಸಿದ್ದೇನೆ. ಎರಡರಲ್ಲಿ ನಿನ್ನ ನಗುವೂ ಇದೆ, ಅವನು ಹಾಡುವಾಗ ಹಿಂದಿನಿಂದ.

ನಿನ್ನ ಕೈ ಮಾಡಿದ ತಪ್ಪು ಏನೂ ಇಲ್ಲ. ಅದನ್ನು ತಲೆಯಿಂದ ತೆಗೆ. ಸಂಗೀತ ಬರಲಿಲ್ಲ.

ನಿನ್ನ ಮಾವ,
ಆರ್ಹೇಲಿಯೊ


ಪಿನಾರ್ ದೆಲ್ ರಿಯೊ
6 ಜುಲೈ 2011

ಮಾವ,

ಪತ್ರವನ್ನು ಕ್ಲಬ್ಬಿನ ಮೆಟ್ಟಿಲ ಮೇಲೆ ಕೂತು ಓದಿದೆ. ಅಳು ತಡೆಯಲಾಗಲಿಲ್ಲ. ಜೊತೆಯವಳು ಬಂದು, "ಯಾರೇ ಹೋದ್ರು?" ಎಂದಳು. "ಹೋಗಿದ್ದವರು ಸಿಕ್ಕಿದ್ರು" ಎಂದೆ.

ಸುನ್ಸುನ್ ಎಂದು ಇಟ್ಟುಕೊಂಡಿದ್ದನೇ? ನಾನು ಹೋಗಬಾರದಿತ್ತು. ಹೋದ ಮೇಲೆ ಮರಳಬೇಕಿತ್ತು. ಈಗ ಯಾರಿಗೆ ಹೇಳಲಿ ಇದನ್ನು, ನಿಮಗಲ್ಲದೆ?

ಹಾಡುಗಳನ್ನು ದಿನಾ ಕೇಳುತ್ತಿದ್ದೇನೆ. ಕ್ಲಬ್ಬಿನಲ್ಲಿ ಈಗ ಹೊಸ ಪದ್ಧತಿ ಮಾಡಿದ್ದೇನೆ. ಯಂತ್ರ ತಂದವರನ್ನು ಮೊದಲು ಕೂರಿಸಿ, "ಮುಚ್ಚುವಾಗ ಏನು ತೆರೆದಿತ್ತು?" ಎಂದು ಕೇಳದೆ ಯಾರೂ ಆ ಸಾಲು ಬರೆಯುವಂತಿಲ್ಲ. ಎಲ್ಲರೂ ನನ್ನನ್ನು ಪಾದ್ರಿ ಎಂದು ಆಡಿಕೊಳ್ಳುತ್ತಾರೆ, ತಪ್ಪೊಪ್ಪಿಗೆ ಕೇಳುವವಳು ಎಂದು. ಆಡಿಕೊಳ್ಳಲಿ.

ಸಂಗೀತ ಬರಲಿಲ್ಲ ಎಂದು ಎರಡು ಕಡೆ ಬರೆದಿದ್ದೀರಿ. ನಂಬಿದ್ದೇನೆ ಮಾವ.

ನವೆಂಬರಿನಲ್ಲಿ ಅವನ ವರ್ಷಕ್ಕೆ ಬರುತ್ತೇನೆ. ಈ ಸಲ ಬಸ್ ನಿಲ್ದಾಣದಿಂದ ಹಿಂದಿರುಗುವುದಿಲ್ಲ. ನಿಮ್ಮ ಮನೆತನದಲ್ಲಿ ಬರೆಯುವುದಿಲ್ಲ ಎಂದರೆ ಬೇಡ, ಹಾಡುವುದಕ್ಕೆ ಅಡ್ಡಿಯಿಲ್ಲವಲ್ಲ. ಎವೆಲಿಯೊ ನುಡಿಸಲಿ. ಅವನ ಹತ್ತು ಸಾಲು, ಆಮೇಲೆ ನಿಮ್ಮ ಉತ್ತರ. ಗೋರಿಯ ಪಕ್ಕ ನಾನು ಕೂತು ಕೇಳುತ್ತೇನೆ. ಇದೊಂದು ಇಲ್ಲ ಎನ್ನಬೇಡಿ.

ನಿಮ್ಮ ಮಗಳು,
ಯಮಿಲ್ಕಾ


ಲಾ ಕಂದೇಲಾರಿಯಾ
9 ಅಕ್ಟೋಬರ್ 2011

ಮಗಳೇ,

ಮೂರು ತಿಂಗಳು ಉತ್ತರ ಬರೆಯಲಿಲ್ಲ ಎಂದು ಬೇಸರಿಸಬೇಡ. ದಿನಾ ಬೆಳಿಗ್ಗೆ ಎದ್ದು ಕಾರ್ಖಾನೆ ಇದ್ದ ಬಯಲಿಗೆ ಹೋಗಿ ಕೂರುತ್ತಿದ್ದೆ. ತೊಲೆ, ಚಿಮಣಿ ಎಲ್ಲವನ್ನೂ ಸಾಗಿಸಿಬಿಟ್ಟಿದ್ದಾರೆ, ಹುಲ್ಲು ಬಂದಿದೆ. ಅಲ್ಲಿ ಕೂತು ಪದ ಕಟ್ಟುತ್ತಿದ್ದೆ. ಐವತ್ತು ವರ್ಷ ಈ ಸೀಮೆಯಲ್ಲಿ ನನ್ನ ಎದುರು ಕೂತವರೆಲ್ಲ ಸೋತು ಎದ್ದಿದ್ದಾರೆ. ಹತ್ತು ಸಾಲನ್ನು ನಾನು ಉಸಿರು ತೆಗೆಯುವಷ್ಟರಲ್ಲಿ ಕಟ್ಟುತ್ತೇನೆ. ಅವನ ಮೊದಲಿನೆರಡು ಸಾಲಿನ ಕೆಳಗೆ ನಿಲ್ಲುವ ಒಂದೇ ಒಂದು ಸಾಲು ಈ ಮೂರು ತಿಂಗಳಲ್ಲಿ ನನ್ನ ಬಾಯಿಗೆ ಬರಲಿಲ್ಲ.

ನನ್ನ ಉತ್ತರದ ಮಾತು ಹೇಳುತ್ತಿದ್ದೇನೆ.

ನೀನು ಬಾ. ಕ್ಯಾರಿದಾದಳ ಕೋಣೆ ಗುಡಿಸಿಟ್ಟಿದ್ದೇನೆ. ಬರುವಾಗ ಒಳ್ಳೆಯ ಕಾಫಿ ಸಿಕ್ಕಿದರೆ ತಾ, ಇಲ್ಲಿಯದು ಬರೀ ಬಟಾಣಿ ಪುಡಿ. ಎವೆಲಿಯೊಗೆ ಹೇಳಿದ್ದೇನೆ. ಆ ಸಂಜೆಯ ರಾಗ ಅವನಿಗೆ ಚೆನ್ನಾಗಿ ನೆನಪಿದೆ.

ಹಾಡುತ್ತೇನೆ. ಕಬ್ಬಿಣವ ಕಳಚಿದರೂ ಎಂದು ಗಟ್ಟಿಯಾಗಿ ಎತ್ತುತ್ತೇನೆ, ಶಿಳ್ಳೆಯ ಸಾಲನ್ನೂ ಹಾಡುತ್ತೇನೆ. ಅಲ್ಲಿಗೆ ನನ್ನ ಗಂಟಲು ಕಟ್ಟಿಹೋದರೆ ತಪ್ಪು ತಿಳಿಯಬೇಡ, ವಯಸ್ಸಾಯಿತು. ಮಿಕ್ಕ ಎಂಟು ಸಾಲಿಗೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಎವೆಲಿಯೊ ನುಡಿಸುತ್ತಿರುತ್ತಾನೆ. ನೀನು ನನ್ನ ಪಕ್ಕ ಕೂತು ಕೇಳು.

ನಿನ್ನ ಮಾವ,
ಆರ್ಹೇಲಿಯೊ